ಮನೆಯ ಕಂಪ್ಯೂಟರಿನ ಫೈಲ್‌ಗಳನ್ನು ಜೋಪಾನ ಮಾಡುವುದು ಹೇಗೆ: ಮೊದಲ ಕಾಪಿಯಿಂದ ತೆಗೆದು ನೋಡುವವರೆಗೆ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ‘ಬ್ಯಾಕಪ್’ ಅಂತ ಒಂದು ಫೋಲ್ಡರ್ ಇತ್ತು. ಡಿ ಡ್ರೈವ್‌ನಲ್ಲಿ. ಮುಖ್ಯವಾದದ್ದು ಏನೇ ಬಂದರೂ ಸಿ ಡ್ರೈವ್‌ನಿಂದ ಅಲ್ಲಿಗೆ ಒಂದು ಕಾಪಿ ಹಾಕುತ್ತಿದ್ದೆ. ಮಗಳ ನಾಮಕರಣದ ಫೋಟೊ, ಅಪ್ಪನ ಪಿಂಚಣಿ ಕಾಗದಗಳ ಸ್ಕ್ಯಾನ್, ಜಗಳೂರು ಕಡೆಯ ನಮ್ಮ ಅಜ್ಜಿ ಹಾಡಿದ ಬೀಸುವ ಪದಗಳ ರೆಕಾರ್ಡಿಂಗ್, ಎಲ್ಲವೂ ಎರಡೆರಡು ಕಾಪಿ ಇದ್ದವು. ಒಂದು ಏಪ್ರಿಲ್ ಸಂಜೆ ಗುಡುಗು ಸಿಡಿಲು ಶುರುವಾಯಿತು. ಕರೆಂಟು ಎರಡು ಸಲ ಹೋಗಿ ಬಂತು. ಮೂರನೇ ಸಲ ಬಂದಾಗ ಕಂಪ್ಯೂಟರ್ ಏಳಲಿಲ್ಲ. ಡಬ್ಬದ ಒಳಗಿಂದ ಗೋಡೆ ಗಡಿಯಾರದ ಹಾಗೆ ಟಿಕ್, ಟಿಕ್ ಅಂತ ಸದ್ದು ಮಾತ್ರ ಬರುತ್ತಿತ್ತು.

ರಿಪೇರಿಗೆ ಕೊಟ್ಟೆ. ಎರಡು ದಿನ ಬಿಟ್ಟು, ‘ಹಾರ್ಡ್ ಡಿಸ್ಕ್ ಹೋಗಿದೆ, ಏನೂ ಸಿಗಲ್ಲ’ ಅಂದರು. ‘ಡಿ ಡ್ರೈವ್‌ನಲ್ಲಿ ಬ್ಯಾಕಪ್ ಇದೆಯಲ್ಲ, ಅದನ್ನಾದರೂ ತೆಗೆದುಕೊಡಿ’ ಅಂತ ಕೇಳಿದೆ. ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ ಅಂತ ನನಗೆ ಗೊತ್ತಾಗಿದ್ದು ಆವತ್ತೇ. ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ. ಮನೆ ಬಿದ್ದರೆ ಎರಡೂ ಬೀಳುತ್ತವೆ.

ಮಗಳ ಫೋಟೊಗಳಲ್ಲಿ ಒಂದಷ್ಟು ನೆಂಟರ ಮೊಬೈಲ್‌ಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ವಾಪಸ್ ಬಂದವು, ಗಾತ್ರ ಇಳಿದು ಮಸುಕಾಗಿ. ಅಜ್ಜಿಯ ದನಿ ಬರಲಿಲ್ಲ. ರೆಕಾರ್ಡ್ ಮಾಡಿದ ಫೋನನ್ನು ಆಗಲೇ ಕೊಟ್ಟುಬಿಟ್ಟಿದ್ದೆ. ಅಜ್ಜಿ ತೀರಿಕೊಂಡು ಎರಡು ವರ್ಷ ಆಗಿತ್ತು.

ದಾವಣಗೆರೆಯಲ್ಲಿ ಪರಿಚಯದವರ ಮನೆಗೆ ಹೋದಾಗ ನಾನು ಈಗಲೂ ನೋಡುವುದು ಡಿ ಡ್ರೈವ್‌ನ ಅದೇ ಫೋಲ್ಡರ್. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹೇಗಿದೆ ಅಂತ ಈಗಲೇ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆಗೆಯಿರಿ. ಕೆಳಗಿನ ಅರ್ಧದಲ್ಲಿ ‘ಡಿಸ್ಕ್ 0’ ಅಂತ ಒಂದು ಸಾಲು ಕಾಣುತ್ತದೆ. ಸಿ, ಡಿ ಎರಡೂ ಅದೇ ಸಾಲಿನಲ್ಲಿದ್ದರೆ ನಿಮ್ಮ ಹತ್ತಿರ ಇರುವುದು ಒಂದೇ ಡಿಸ್ಕ್. ಬೇರೆ ಬೇರೆ ಸಾಲಿನಲ್ಲಿದ್ದರೂ ನೆಮ್ಮದಿಯಾಗಿ ಇರಬೇಡಿ. ಎರಡಕ್ಕೂ ಕರೆಂಟು ಬರುವುದು ಒಂದೇ ಡಬ್ಬದಿಂದ.

ಮೊದಲು ಕಾಗದ, ಪೆನ್ನು

ಡಿಸ್ಕ್ ಕೊಳ್ಳಲು ಓಡುವ ಮುಂಚೆ ಒಂದು ಹಾಳೆ ತಗೊಂಡು ಕೂತ್ಕೊಳ್ಳಿ. ಏನೇನಿದೆ, ಎಲ್ಲೆಲ್ಲಿದೆ ಬರೆಯಿರಿ. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ನಾಳೆ ಬೆಳಿಗ್ಗೆ ಇಲ್ಲದಿದ್ದರೆ ಬೇರೆ ಎಲ್ಲಿಂದಾದರೂ ಸಿಗುತ್ತಾ?

ಪಹಣಿ ಸಿಗುತ್ತದೆ, ಭೂಮಿ ತಾಣದಲ್ಲಿ ಮತ್ತೆ ತೆಗೆಯಬಹುದು. ಆಧಾರ್, ಡ್ರೈವಿಂಗ್ ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಇರುತ್ತವೆ. ಸಿನಿಮಾ, ಹಾಡು, ಸಾಫ್ಟ್‌ವೇರ್‌ಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಇವುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಿಗದೇ ಇರುವುದು ಮನೆಯ ಫೋಟೊ, ವಿಡಿಯೊ, ಹಿರಿಯರ ದನಿ, ನೀವೇ ಕೂತು ಬರೆದದ್ದು, ಮಕ್ಕಳ ಪ್ರಾಜೆಕ್ಟ್, ಅಂಗಡಿಯ ಲೆಕ್ಕ. ಇವುಗಳ ಮುಂದೆ ಒಂದು ಚುಕ್ಕೆ ಇಡಿ. ನಮ್ಮ ಕೆಲಸವೆಲ್ಲ ಈ ಚುಕ್ಕೆ ಇಟ್ಟವುಗಳಿಗಾಗಿ.

ಲೆಕ್ಕದ ವಿಷಯದಲ್ಲಿ ಒಂದು ಮಾತು. ಮಂಡಿಪೇಟೆಯ ಅಂಗಡಿಗಳಲ್ಲಿ, ಮೆಕ್ಕೆಜೋಳದ ವ್ಯಾಪಾರದವರಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಳಸುವವರು ತುಂಬಾ ಜನ ಇದ್ದಾರೆ. ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇರುವುದಿಲ್ಲ. ಡಾಕ್ಯುಮೆಂಟ್ಸ್ ಒಂದನ್ನೇ ಕಾಪಿ ಮಾಡಿಕೊಂಡವರಿಗೆ ಇಡೀ ವರ್ಷದ ಲೆಕ್ಕ ಬಿಟ್ಟುಹೋಗಿರುತ್ತದೆ. ಟ್ಯಾಲಿಯಲ್ಲೇ ಬ್ಯಾಕಪ್ ಆಯ್ಕೆ ಇದೆ. ಅದರಿಂದ ತೆಗೆದ ಫೈಲನ್ನು ನಿಮ್ಮ ಚುಕ್ಕೆಯ ಪಟ್ಟಿಗೆ ಸೇರಿಸಿ.

ಇನ್ನು ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಿ ಡ್ರೈವ್, ಹಳೇ ಪೆನ್ ಡ್ರೈವ್, ಕ್ಯಾಮೆರಾದ ಕಾರ್ಡ್, ಡ್ರಾಯರಿನ ಮೂಲೆಯಲ್ಲಿರುವ ಮದುವೆ ಡಿವಿಡಿ, ಎಲ್ಲ ಕಡೆ ಹುಡುಕಿ. ಸಿಕ್ಕಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ದೊಡ್ಡ ಫೋಲ್ಡರಿಗೆ ತನ್ನಿ. ನಮ್ಮಲ್ಲಿ ಅದರ ಹೆಸರು ‘ನಮ್ಮನೆ’. ಒಳಗೆ ವರ್ಷ ಮೊದಲು ಬರುವ ಹಾಗೆ ಹೆಸರು ಕೊಟ್ಟಿದ್ದೇನೆ: 2023-05-ತಮ್ಮನ ಮದುವೆ, 2024-10-ದಸರಾ. ಹೀಗೆ ಬರೆದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಕೊನೆಗೆ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ. ಎಷ್ಟು ಜಿಬಿ, ಎಷ್ಟು ಫೈಲ್ ಅನ್ನುವ ಎರಡು ಸಂಖ್ಯೆಗಳನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಮುಂದೆ ಬೇಕಾಗುತ್ತವೆ.

ಎಷ್ಟು ಕಾಪಿ, ಎಲ್ಲೆಲ್ಲಿ

ಫೋಟೊಗ್ರಾಫರ್ ಪೀಟರ್ ಕ್ರೋ ಅವರಿಂದ ಜನಪ್ರಿಯವಾದ ಒಂದು ಲೆಕ್ಕ ಇದೆ. 3-2-1 ಅನ್ನುತ್ತಾರೆ. ಒಟ್ಟು ಮೂರು ಕಾಪಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ನಮ್ಮ ಮನೆಯಲ್ಲಿ ಇದು ಹೀಗಿದೆ: ಮೊದಲನೆಯದು ಕಂಪ್ಯೂಟರಿನಲ್ಲಿ, ಎರಡನೆಯದು ಬೀರುವಿನಲ್ಲಿ ಇಟ್ಟ ಡಿಸ್ಕಿನಲ್ಲಿ, ಮೂರನೆಯದು ಚಿತ್ರದುರ್ಗದ ಅಕ್ಕನ ಮನೆಯಲ್ಲಿ. ಚುಕ್ಕೆಯವುಗಳಲ್ಲೂ ತೀರಾ ಮುಖ್ಯವಾದ ಸ್ವಲ್ಪ ಕ್ಲೌಡ್‌ನಲ್ಲಿವೆ, ಅಂದರೆ ಇಂಟರ್‌ನೆಟ್ ಮೂಲಕ ಗೂಗಲ್‌ನಂಥ ಕಂಪನಿಯ ಕಂಪ್ಯೂಟರುಗಳಲ್ಲಿ.

ಮೂರು ಜಾಸ್ತಿ ಆಯ್ತು ಅನಿಸಬಹುದು. ಒಂದೊಂದು ಕಾಪಿ ಒಂದೊಂದು ಅಪಾಯಕ್ಕೆ ಅಂದುಕೊಳ್ಳಿ. ಕಂಪ್ಯೂಟರ್ ಕೆಟ್ಟರೆ ಬೀರುವಿನದು ಇದೆ. ಮನೆಗೆ ಕಳ್ಳರು ಬಂದರೆ, ಬೆಂಕಿ ಬಿದ್ದರೆ, ಬೀರುವಿನದೂ ಹೋಗುತ್ತದೆ. ಆಗ ಅರವತ್ತು ಕಿಲೋಮೀಟರ್ ಆಚೆ ಇರುವುದು ಉಳಿಯುತ್ತದೆ.

ಡಿಸ್ಕ್ ಕೊಳ್ಳುವಾಗ

ಹಾಳೆಯಲ್ಲಿ ಬರೆದುಕೊಂಡ ಗಾತ್ರದ ಎರಡು ಪಟ್ಟಾದರೂ ಇರುವ ಡಿಸ್ಕ್ ತಗೊಳ್ಳಿ. 300 ಜಿಬಿ ಇದ್ದರೆ 1 ಟಿಬಿ ಸಾಕು. ಮನೆಗೆ ತಂದು ಹಾಕಿದಾಗ 1 ಟಿಬಿ ಡಿಸ್ಕ್ 931 ಜಿಬಿ ಅಂತ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ ಅಂತ ಕೇಳುತ್ತಾರೆ. ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆ ಇರುತ್ತದೆ, ಎಸ್‌ಎಸ್‌ಡಿಯಲ್ಲಿ ಬರೀ ಚಿಪ್‌ಗಳು. ಬೀರುವಿನಲ್ಲಿ ತಿಂಗಳುಗಟ್ಟಲೆ ಸುಮ್ನೆ ಕೂರುವ ಕಾಪಿಗೆ ನಾನು ಹಾರ್ಡ್ ಡಿಸ್ಕನ್ನೇ ಆರಿಸುತ್ತೇನೆ. ಅದೇ ದುಡ್ಡಿಗೆ ಜಾಗ ಜಾಸ್ತಿ. ಎಸ್‌ಎಸ್‌ಡಿ ಕೆಳಗೆ ಬಿದ್ದರೂ ತಡೆದುಕೊಳ್ಳುತ್ತದೆ, ವೇಗವೂ ಹೌದು. ಆದರೆ ಅದು ಮಾಹಿತಿಯನ್ನು ವಿದ್ಯುತ್ ಚಾರ್ಜಿನ ರೂಪದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದೆ ಬಿಟ್ಟರೆ ಅದು ನಿಧಾನವಾಗಿ ಸೋರಿಹೋಗಬಹುದು. ಪೆನ್ ಡ್ರೈವ್‌ಗೂ ಅದೇ ಕಾಯಿಲೆ. ಪೆನ್ ಡ್ರೈವ್ ಫೈಲ್ ಸಾಗಿಸಲಿಕ್ಕೆ, ಕಾಪಾಡಲಿಕ್ಕೆ ಅಲ್ಲ.

ಕೆಲವು ನೂರು ರೂಪಾಯಿಗೆ ‘2 ಟಿಬಿ ಪೆನ್ ಡ್ರೈವ್’ ಅಂತ ಆನ್‌ಲೈನ್‌ನಲ್ಲಿ ಬರುತ್ತಲ್ಲ, ಅದನ್ನು ದಯವಿಟ್ಟು ಮುಟ್ಟಬೇಡಿ. ಒಳಗೆ ಇರುವುದು ಎಷ್ಟೋ ಸಲ 16 ಅಥವಾ 32 ಜಿಬಿ. ತುಂಬಿದ ಮೇಲೂ ಅದು ಕಾಪಿ ತಗೊಳ್ಳುತ್ತಲೇ ಇರುವ ಹಾಗೆ ನಟಿಸುತ್ತದೆ. ಫೈಲಿನ ಹೆಸರು ಕಾಣುತ್ತದೆ, ತೆಗೆದರೆ ಒಳಗೆ ಏನೂ ಇರುವುದಿಲ್ಲ. ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜವಾದ ಜಾಗ ಎಷ್ಟು ಅಂತ ಹೇಳುತ್ತದೆ. ಹೊಸ ಡಿಸ್ಕ್ ಬಂದ ತಕ್ಷಣ, ಫೈಲ್ ಹಾಕುವ ಮುಂಚೆ ಇದನ್ನು ಓಡಿಸುವುದು ನನ್ನ ಅಭ್ಯಾಸ.

ಎರಡು ಡಿಸ್ಕ್ ತಗೊಳ್ಳುವುದಾದರೆ ಒಂದೇ ದಿನ ಒಂದೇ ಕಂಪನಿಯದು ಬೇಡ. ಒಟ್ಟಿಗೆ ತಯಾರಾದವುಗಳಲ್ಲಿ ಒಂದಕ್ಕೆ ದೋಷ ಇದ್ದರೆ ಇನ್ನೊಂದಕ್ಕೂ ಇರಬಹುದು. ವಾರಂಟಿಯ ಬಗ್ಗೆಯೂ ತಿಳಿದಿರಲಿ. ಮೂರು ವರ್ಷದ ವಾರಂಟಿ ಅಂದರೆ ಡಿಸ್ಕ್ ಕೆಟ್ಟರೆ ಬೇರೆ ಡಿಸ್ಕ್ ಕೊಡುತ್ತಾರೆ. ಒಳಗಿದ್ದ ಫೋಟೊ ಕೊಡುವುದಿಲ್ಲ.

ಮೊದಲ ಕಾಪಿ

ಡಿಸ್ಕನ್ನು ಗಟ್ಟಿಯಾದ ಮೇಜಿನ ಮೇಲೆ ಇಡಿ. ಹಾಸಿಗೆ ಮೇಲೆ ಬೇಡ. ಬಿಸಿ ಹೊರಗೆ ಹೋಗುವುದಿಲ್ಲ, ಮಗ್ಗುಲು ಬದಲಿಸಿದರೆ ಬೀಳುತ್ತದೆ. ನಮ್ಮೂರಿನ ಏಪ್ರಿಲ್ ಸೆಖೆಯಲ್ಲಿ ಕಾಪಿಯನ್ನು ಬೆಳಿಗ್ಗೆ ಮಾಡುವುದು ಒಳ್ಳೆಯದು. ಡಿಸ್ಕನ್ನು ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟು ಸಂತೆಗೆ ಹೋಗಬೇಡಿ.

ಕಂಪ್ಯೂಟರಿನಲ್ಲಿ ಒಳಭಾಗ ನೀಲಿ ಬಣ್ಣ ಇರುವ ಯುಎಸ್‌ಬಿ ಕಿಂಡಿ ಇದ್ದರೆ ಅದಕ್ಕೇ ಹಾಕಿ. ಅದು ಸಾಮಾನ್ಯವಾಗಿ ಯುಎಸ್‌ಬಿ 3. ಹಳೇ ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಹೋದರೆ, ಇದರಲ್ಲಿ ಹಾರ್ಡ್ ಡಿಸ್ಕಿಗೆ 100 ಎಂಬಿಯವರೆಗೆ ಹೋಗುತ್ತದೆ. 200 ಜಿಬಿಗೆ ಲೆಕ್ಕ ಹಾಕಿ ನೋಡಿ. ಒಂದರಲ್ಲಿ ಹತ್ತಿರ ಹತ್ತಿರ ಎರಡು ಗಂಟೆ, ಇನ್ನೊಂದರಲ್ಲಿ ಅರ್ಧ ಗಂಟೆ ಚಿಲ್ಲರೆ. ಸಾವಿರಾರು ಸಣ್ಣ ಫೋಟೊಗಳಿದ್ದರೆ ಇನ್ನೂ ನಿಧಾನ. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬರೆಯುತ್ತಿರುವಾಗ ಕರೆಂಟು ಹೋದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ, ಕೆಲವೊಮ್ಮೆ ಡಿಸ್ಕೇ ತೆರೆಯದ ಹಾಗೆ ಆಗುತ್ತದೆ.

ಡಿಸ್ಕ್ ಹೊಸದಾಗಿದ್ದಾಗಲೇ ಫಾರ್ಮ್ಯಾಟ್, ಅಂದರೆ ಅದು ಫೈಲ್‌ಗಳನ್ನು ಜೋಡಿಸಿಡುವ ಕ್ರಮ, ಯಾವುದು ಅಂತ ನೋಡಿ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್, ಮ್ಯಾಕ್‌ನಲ್ಲೂ ಹಾಕುವವರಿಗೆ ಎಕ್ಸ್‌ಫ್ಯಾಟ್. ಫ್ಯಾಟ್32 ಅಂತ ಇದ್ದರೆ ಬದಲಾಯಿಸಿ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಮದುವೆ ವಿಡಿಯೊ ಅಲ್ಲೇ ನಿಂತುಬಿಡುತ್ತದೆ.

ಈಗ ‘ನಮ್ಮನೆ’ ಫೋಲ್ಡರನ್ನು ಕಾಪಿ ಮಾಡಿ, ಡಿಸ್ಕಿನಲ್ಲಿ ಪೇಸ್ಟ್ ಮಾಡಿ. ಕಟ್ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಕಂಪ್ಯೂಟರಿನಲ್ಲಿ ಜಾಗ ಸಾಲದು ಅಂತ ಫೋಟೊಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿ, ಅದನ್ನೇ ಬ್ಯಾಕಪ್ ಅನ್ನುವವರು ತುಂಬಾ ಇದ್ದಾರೆ. ಅಲ್ಲಿ ಇರುವುದು ಒಂದೇ ಕಾಪಿ. ಜಾಗ ಬದಲಾಗಿದೆ ಅಷ್ಟೇ. ಕಂಪ್ಯೂಟರಿನಲ್ಲಿ ನಿಜಕ್ಕೂ ಜಾಗ ಇಲ್ಲದಿದ್ದರೆ ಎರಡು ಡಿಸ್ಕುಗಳಿಗೂ ಹಾಕಿ, ಎರಡರಲ್ಲೂ ತೆರೆದು ನೋಡಿ, ಆಮೇಲೆ ಅಳಿಸಿ.

ಕಾಪಿ ಮುಗಿದ ಮೇಲೆ ಡಿಸ್ಕಿನಲ್ಲಿರುವ ಫೋಲ್ಡರಿನ ಪ್ರಾಪರ್ಟೀಸ್ ನೋಡಿ. ಹಾಳೆಯ ಎರಡು ಸಂಖ್ಯೆಗಳಿಗೆ ತಾಳೆ ಆಗಬೇಕು. ತಾಳೆ ಆದ ಮೇಲೆ ಪರದೆಯ ಕೆಳಗಿನ ಮೂಲೆಯಿಂದ ‘ಇಜೆಕ್ಟ್’ ಕೊಟ್ಟು, ತೆಗೆಯಬಹುದು ಅನ್ನುವ ಸೂಚನೆ ಬಂದ ಮೇಲೆ ವೈರ್ ಕೀಳಿ.

ಪ್ರತಿ ವಾರದ ಕೆಲಸ

ಒಂದು ಸಲ ಕಾಪಿ ಮಾಡಿ ಬಿಟ್ಟರೆ ಆರು ತಿಂಗಳಲ್ಲಿ ಅದು ಹಳತಾಗುತ್ತದೆ. ದಿನವೂ ಎಲ್ಲವನ್ನೂ ಪೂರ್ತಿ ಕಾಪಿ ಮಾಡುತ್ತಾ ಕೂರಲೂ ಆಗುವುದಿಲ್ಲ. ಬದಲಾದದ್ದನ್ನು ಮಾತ್ರ ಹುಡುಕಿ ಕಾಪಿ ಮಾಡುವ ಸಾಫ್ಟ್‌ವೇರ್ ಬೇಕು.

ವಿಂಡೋಸ್‌ನಲ್ಲಿ 8ನೇ ಆವೃತ್ತಿಯಿಂದಲೂ ‘ಫೈಲ್ ಹಿಸ್ಟರಿ’ ಅನ್ನುವ ಸೌಲಭ್ಯ ಇದೆ. ವಿಂಡೋಸ್ 11ರಲ್ಲಿ ಅದು ಕಂಟ್ರೋಲ್ ಪ್ಯಾನಲ್ ಒಳಗೆ, ‘ಸಿಸ್ಟಮ್ ಆ್ಯಂಡ್ ಸೆಕ್ಯುರಿಟಿ’ ಕೆಳಗೆ ಅಡಗಿ ಕೂತಿದೆ. ಡಿಸ್ಕ್ ಹಾಕಿ, ‘ಟರ್ನ್ ಆನ್’ ಒತ್ತಿದರೆ ಸಾಕು. ಡಿಸ್ಕ್ ಇರುವಷ್ಟು ಹೊತ್ತು ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನು ಎತ್ತಿಕೊಳ್ಳುತ್ತದೆ, ಹಳೇ ರೂಪಗಳನ್ನೂ ಇಟ್ಟುಕೊಳ್ಳುತ್ತದೆ. ಒಂದು ತೊಡಕು ಇದೆ. ಅದು ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಗೊತ್ತಾದ ಜಾಗಗಳನ್ನು ಮಾತ್ರ. ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್ ಅದರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಡೆ ಎಲ್ಲರೂ ಎಲ್ಲವನ್ನೂ ಡಿ ಡ್ರೈವ್‌ನಲ್ಲೇ ಇಡುವುದು ಅಲ್ವಾ?

ಅದಕ್ಕೇ ನಾನು ಬಳಸುವುದು ಫ್ರೀಫೈಲ್‌ಸಿಂಕ್. ಉಚಿತವಾಗಿ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಡಗಡೆ ಕಂಪ್ಯೂಟರಿನ ಫೋಲ್ಡರ್, ಬಲಗಡೆ ಡಿಸ್ಕಿನ ಫೋಲ್ಡರ್ ತೋರಿಸಿ ‘ಕಂಪೇರ್’ ಒತ್ತಿದರೆ ಏನು ಬದಲಾಗಿದೆ ಅಂತ ಪಟ್ಟಿ ಕೊಡುತ್ತದೆ. ಆಮೇಲೆ ‘ಸಿಂಕ್ರೊನೈಸ್’ ಒತ್ತಿದರೆ ಅಷ್ಟನ್ನೂ ಕಾಪಿ ಮಾಡುತ್ತದೆ. ಕಾಪಿ ಆದ ಫೈಲ್‌ಗಳು ಮಾಮೂಲಿ ಫೈಲ್‌ಗಳ ಹಾಗೇ ಕೂತಿರುತ್ತವೆ. ಹತ್ತು ವರ್ಷ ಬಿಟ್ಟು ಆ ಸಾಫ್ಟ್‌ವೇರ್ ಇಲ್ಲದಿದ್ದರೂ ಯಾವ ಕಂಪ್ಯೂಟರಿನಲ್ಲಾದರೂ ತೆಗೆಯಬಹುದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಇಲ್ಲಿ ಒಂದು ಆಯ್ಕೆಯನ್ನು ಕಣ್ಣಿಟ್ಟು ಮಾಡಬೇಕು. ‘ಮಿರರ್’ ಅಂತ ಒಂದಿದೆ, ‘ಅಪ್‌ಡೇಟ್’ ಅಂತ ಇನ್ನೊಂದು. ಮಿರರ್ ಅಂದರೆ ಕನ್ನಡಿ. ಕಂಪ್ಯೂಟರಿನಲ್ಲಿ ಇರುವುದು ಡಿಸ್ಕಿನಲ್ಲಿ ಇರುತ್ತದೆ, ಇಲ್ಲದ್ದು ಅಲ್ಲೂ ಅಳಿಯುತ್ತದೆ. ಮಗು ಆಡುತ್ತಾ ಒಂದು ಫೋಲ್ಡರ್ ಅಳಿಸಿದೆ, ನಿಮಗೆ ಗೊತ್ತಾಗಿಲ್ಲ ಅಂದುಕೊಳ್ಳಿ. ಭಾನುವಾರ ನೀವು ಮಿರರ್ ಓಡಿಸಿದರೆ ಬ್ಯಾಕಪ್‌ನಿಂದಲೂ ಆ ಫೋಲ್ಡರ್ ಹೋಗುತ್ತದೆ. ಅಪ್‌ಡೇಟ್ ಹಾಗಲ್ಲ, ಹೊಸದನ್ನು ಸೇರಿಸುತ್ತದೆ, ಯಾವುದನ್ನೂ ಅಳಿಸುವುದಿಲ್ಲ. ಕಸ ಸ್ವಲ್ಪ ಸೇರುತ್ತದೆ, ಸೇರಲಿ. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ ‘ವರ್ಷನಿಂಗ್’ ಆರಿಸಿ, ಡಿಸ್ಕಿನಲ್ಲೇ ‘ಹಳೆಯವು’ ಅಂತ ಒಂದು ಫೋಲ್ಡರ್ ತೋರಿಸಿ. ಫೈಲ್ ಬದಲಾದಾಗ ಹಿಂದಿನ ರೂಪ ಅಲ್ಲಿಗೆ ಹೋಗಿ ಕೂರುತ್ತದೆ. ಮಗಳು ಒಂದು ಸಲ ತನ್ನ ಪ್ರಾಜೆಕ್ಟ್ ಮೇಲೆ ಖಾಲಿ ಫೈಲ್ ಸೇವ್ ಮಾಡಿಬಿಟ್ಟಿದ್ದಳು. ಹಳೆಯವು ಫೋಲ್ಡರಿನಿಂದಲೇ ವಾಪಸ್ ತೆಗೆದೆವು.

ಮ್ಯಾಕ್ ಇರುವವರಿಗೆ ಇಷ್ಟು ಕಷ್ಟ ಇಲ್ಲ. 2007ರಿಂದಲೂ ‘ಟೈಮ್ ಮಷೀನ್’ ಜೊತೆಗೇ ಬರುತ್ತದೆ. ಒಂದು ಡಿಸ್ಕ್ ಅದಕ್ಕೇ ಮೀಸಲಿಟ್ಟರೆ ಮುಗಿಯಿತು. ಉಬುಂಟುವಿನಲ್ಲಿ ‘ಡೇಜಾ ಡ್ಯೂಪ್’ ಅನ್ನುವ ಸರಳ ಸಾಫ್ಟ್‌ವೇರ್ ಸಿಗುತ್ತದೆ. ವಿಂಡೋಸ್ 10ರಲ್ಲೇ ಇರುವವರಿಗೆ ಒಂದು ಮಾತು: 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ನಿಂತಿದೆ. ಹೊಸದಕ್ಕೆ ಹೋಗುವ ಮುಂಚೆ, ಅದೂ ಅಂಗಡಿಗೆ ಕೊಟ್ಟು ಹಾಕಿಸುವ ಮುಂಚೆ, ಮೊದಲ ಕಾಪಿ ಆಗಿರಲಿ.

ನಮ್ಮ ಮನೆಯಲ್ಲಿ ಇದು ಭಾನುವಾರ ಸಂಜೆಯ ಕೆಲಸ. ಡಿಸ್ಕ್ ಹಾಕಿ ಸಿಂಕ್ ಒತ್ತುತ್ತೇನೆ. ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ ಮುಗಿಯುವಷ್ಟರಲ್ಲಿ ಅದೂ ಮುಗಿದಿರುತ್ತದೆ.

ಮುಗಿದ ಕೂಡಲೇ ಕಳಚಿ

ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡುವುದು ಸುಲಭ. ಆದರೆ ಕಳಚಲೇಬೇಕು. ಒಂದು ಕಾರಣ ಕರೆಂಟು. ಸಿಡಿಲಿನ ಹೊತ್ತಿಗೆ ಲೈನಿನಲ್ಲಿ ಬರುವ ಏರು ವೋಲ್ಟೇಜ್ ಕಂಪ್ಯೂಟರನ್ನು ಸುಟ್ಟರೆ ಅದಕ್ಕೆ ಅಂಟಿಕೊಂಡ ಡಿಸ್ಕನ್ನೂ ಸುಡಬಹುದು. ಭರಣಿ ಮಳೆಯ ದಿನಗಳಲ್ಲಿ ನಾವು ಪ್ಲಗ್ಗನ್ನೇ ಕಿತ್ತಿಡುತ್ತೇವೆ. ಇಂಟರ್‌ನೆಟ್ ರೂಟರಿನ ವೈರನ್ನೂ ಸೇರಿಸಿ.

ಇನ್ನೊಂದು ಕಾರಣ ರ್‍ಯಾನ್ಸಮ್‌ವೇರ್. ಇದು ಕಂಪ್ಯೂಟರಿಗೆ ನುಗ್ಗಿ, ಕಣ್ಣಿಗೆ ಬಿದ್ದ ಫೈಲ್‌ಗಳಿಗೆಲ್ಲ ಬೀಗ ಜಡಿದು, ಬಿಡಿಸಲು ದುಡ್ಡು ಕೇಳುವ ಕಳ್ಳ ಸಾಫ್ಟ್‌ವೇರ್. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಅನ್ನುವುದು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಿಗೆ ಹರಡಿತ್ತು. ಸಿಕ್ಕಿಸಿಟ್ಟ ಡಿಸ್ಕ್ ಅದರ ಪಾಲಿಗೆ ಇನ್ನೊಂದು ಫೋಲ್ಡರ್, ಅಷ್ಟೇ. ಅದಕ್ಕೂ ಬೀಗ ಬೀಳುತ್ತದೆ. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಸಾಕಾಯಿತು ಅಂತ ದುರ್ಗದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀರುವಿನಲ್ಲಿರುವ ಡಿಸ್ಕಿಗೆ ವೈರೇ ಇಲ್ಲ, ಕಿಂಡಿಯೂ ಇಲ್ಲ. ಕಂಪ್ಯೂಟರ್ ವಿಚಿತ್ರವಾಗಿ ಆಡುತ್ತಿದೆ, ಫೈಲಿನ ಹೆಸರುಗಳು ಬದಲಾಗಿವೆ ಅನಿಸಿದರೆ ಬ್ಯಾಕಪ್ ಡಿಸ್ಕನ್ನು ಹತ್ತಿರಕ್ಕೂ ತರಬೇಡಿ.

ದುರ್ಗಕ್ಕೆ ಹೋಗುವ ಡಿಸ್ಕ್

ಎರಡನೇ ಡಿಸ್ಕಿಗೂ ಇದೇ ಕ್ರಮದಲ್ಲಿ ಕಾಪಿ ಮಾಡಿ. ಅದು ಮನೆಯಲ್ಲಿ ಇರಬಾರದು. ನೆಂಟರ ಮನೆ, ಆಫೀಸಿನ ಬೀಗದ ಡ್ರಾಯರ್, ಬ್ಯಾಂಕ್ ಲಾಕರ್, ಎಲ್ಲಾದರೂ ಸರಿ. ನಮ್ಮದು ಅಕ್ಕನ ಮನೆಯಲ್ಲಿದೆ. ಯುಗಾದಿಗೆ, ದಸರಾಕ್ಕೆ ಹೇಗೂ ಹೋಗಿ ಬರುವುದಿದೆ. ಹೋಗುವ ಹಿಂದಿನ ದಿನ ಬೀರುವಿನ ಡಿಸ್ಕಿಗೆ ಹೊಸತೆಲ್ಲ ಹಾಕಿ ತಗೊಂಡು ಹೋಗುತ್ತೇನೆ, ಅಲ್ಲಿದ್ದದ್ದನ್ನು ತಗೊಂಡು ಬರುತ್ತೇನೆ. ಯಾವುದು ಯಾವುದು ಅಂತ ಗೊತ್ತಾಗಲು ಒಂದಕ್ಕೆ ಅರಿಶಿನ ಬಣ್ಣದ ಟೇಪ್, ಇನ್ನೊಂದಕ್ಕೆ ಹಸಿರು ಟೇಪ್ ಸುತ್ತಿದ್ದೇನೆ. ಟೇಪಿನ ಮೇಲೆ ಕಡೆಯ ಕಾಪಿಯ ತಾರೀಖು.

ಮನೆ ಬಿಟ್ಟು ಹೊರಗೆ ಹೋಗುವ ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಇರಬೇಕು. ಬಸ್ಸಿನಲ್ಲಿ ಬಿಟ್ಟುಹೋದರೆ ನಿಮ್ಮ ಪ್ಯಾನ್, ಬ್ಯಾಂಕ್ ಕಾಗದ, ಮಕ್ಕಳ ಫೋಟೊ ಎಲ್ಲ ಯಾರದೋ ಕೈಗೆ ಸಿಗುತ್ತವೆ. ವಿಂಡೋಸ್ ಪ್ರೊ ಇದ್ದರೆ ಡಿಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಬಿಟ್‌ಲಾಕರ್’ ಹಾಕಬಹುದು. ಹೋಮ್ ಆವೃತ್ತಿಯಲ್ಲಿ ಬೀಗ ಹಾಕಿದ್ದನ್ನು ತೆಗೆಯಬಹುದು, ಹಾಕಲು ಆಗುವುದಿಲ್ಲ. ಅವರು ‘ವೆರಾಕ್ರಿಪ್ಟ್’ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಲಿ. ಪಾಸ್‌ವರ್ಡ್ ಮರೆತು, ಬಿಟ್‌ಲಾಕರ್ ಕೊಡುವ ರಿಕವರಿ ಕೀಲಿಯೂ ಇಲ್ಲದಿದ್ದರೆ ಇವು ಯಾವುವೂ ತೆರೆಯುವುದಿಲ್ಲ. ಅಂಗಡಿಯವರಿಂದಲೂ ಆಗುವುದಿಲ್ಲ, ಕಂಪನಿಯಿಂದಲೂ ಆಗುವುದಿಲ್ಲ. ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ, ಡಿಸ್ಕಿನ ಜೊತೆಯಲ್ಲಿ ಬೇಡ.

ಹೊಸ ಲ್ಯಾಪ್‌ಟಾಪ್ ತಗೊಂಡವರು ಇದನ್ನೂ ನೋಡಿಕೊಳ್ಳಿ. ಈಚಿನ ವಿಂಡೋಸ್ 11, ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದಾಗ ಎಷ್ಟೋ ಸಲ ತಾನಾಗಿಯೇ ಒಳಗಿನ ಡಿಸ್ಕಿಗೆ ಬೀಗ ಹಾಕಿರುತ್ತದೆ. ಅದರ ಕೀಲಿ 48 ಅಂಕಿಗಳ ಒಂದು ಸಂಖ್ಯೆ, ನಿಮ್ಮ ಖಾತೆಯಲ್ಲಿ ಇರುತ್ತದೆ. ಲ್ಯಾಪ್‌ಟಾಪಿನ ಬೋರ್ಡ್ ಕೆಟ್ಟು ಡಿಸ್ಕನ್ನು ಬೇರೆ ಕಡೆ ಹಾಕಿ ಓದಬೇಕಾದಾಗ ಈ ಸಂಖ್ಯೆ ಕೇಳುತ್ತದೆ. ಇವತ್ತೇ ಖಾತೆ ತೆರೆದು ಬರೆದಿಟ್ಟುಕೊಳ್ಳಿ.

ಕ್ಲೌಡ್ ಎಷ್ಟರಮಟ್ಟಿಗೆ

ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೊಸ್ ಮೂರಕ್ಕೂ ಸೇರಿ. ಮೈಕ್ರೋಸಾಫ್ಟ್, ಆ್ಯಪಲ್ ಎರಡೂ 5 ಜಿಬಿ ಕೊಡುತ್ತವೆ. ಎಲ್ಲವನ್ನೂ ಹಾಕಲು ಆಗುವುದಿಲ್ಲ. ತೀರಾ ಮುಖ್ಯವಾದದ್ದನ್ನು ಹಾಕಿ. ದುಡ್ಡು ಕೊಟ್ಟು ಜಾಗ ತಗೊಂಡರೂ ಅಪ್‌ಲೋಡ್ ವೇಗ ನೋಡಿಕೊಳ್ಳಿ. 20 ಎಂಬಿಪಿಎಸ್ ಅಪ್‌ಲೋಡ್, ಅಂದರೆ ಸೆಕೆಂಡಿಗೆ ಸುಮಾರು 2.5 ಎಂಬಿ, ಇದ್ದರೆ 200 ಜಿಬಿ ಹೋಗಲು ಬಿಡದೆ 22 ಗಂಟೆ ಬೇಕು.

ಕ್ಲೌಡ್‌ನಲ್ಲಿ ಇದೆ ಅಂದರೆ ಬ್ಯಾಕಪ್ ಆಯ್ತು ಅಂತ ಅಲ್ಲ. ಕಂಪ್ಯೂಟರಿನ ಜೊತೆ ಸಿಂಕ್ ಆಗುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಮಿರರ್ ಹಾಗೇ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ತೆಗೆದುಹಾಕಬಹುದು ಅನ್ನುವುದೂ ನೆನಪಿರಲಿ. ಅಪ್ಪ ಅಮ್ಮನ ಹೆಸರಿನಲ್ಲಿ ಮಾಡಿಕೊಟ್ಟು ಮರೆತ ಖಾತೆಗಳಲ್ಲಿ ಏನಿದೆ ಅಂತ ಒಮ್ಮೆ ನೋಡಿ.

ಮೊಬೈಲ್ ಫೋಟೊಗಳನ್ನು ತಿಂಗಳಿಗೊಮ್ಮೆ ವೈರ್ ಹಾಕಿ ‘ನಮ್ಮನೆ’ ಫೋಲ್ಡರಿಗೆ ತನ್ನಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡರೆ ಫೋಟೊ ಕುಗ್ಗುತ್ತದೆ.

ನುಡಿ, ಬರಹದಲ್ಲಿ ಬರೆದದ್ದು

ಇದು ನಮ್ಮಂಥ ಭಾಷೆಗಳವರಿಗೆ ಇರುವ ತೊಂದರೆ, ಹೊರಗಿನ ಸಲಹೆಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ. ಈಗ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಲ್ಲೂ ಇರುವ ಅಕ್ಷರ ಪದ್ಧತಿ ಯೂನಿಕೋಡ್. ಅದು ಕನ್ನಡದಲ್ಲಿ ಬಳಕೆಗೆ ಬರುವ ಮುಂಚೆ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ಎಷ್ಟೋ ಮನೆಗಳಲ್ಲಿವೆ. ನಮ್ಮ ಅಪ್ಪ ಬರೆದಿಟ್ಟ ಊರಿನ ನೆನಪುಗಳೂ ಹಾಗೇ ಇದ್ದವು. ಅವರು ತಮ್ಮದೇ ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದರಿಂದ ಉಳಿದವು. ಹೊಸ ಕಂಪ್ಯೂಟರಿನಲ್ಲಿ ತೆಗೆದಾಗ ಕಂಡದ್ದು ಇಂಗ್ಲಿಷ್ ಅಕ್ಷರಗಳ ಮೇಲೆ ಗೀಟು, ಚುಕ್ಕೆ, ಕೊಂಬು. ಫೈಲ್ ಸುರಕ್ಷಿತವಾಗಿತ್ತು, ಓದಲು ಮಾತ್ರ ಆಗುತ್ತಿರಲಿಲ್ಲ. ಅಕ್ಷರ ಕಾಣಬೇಕಾದರೆ ಅದೇ ಫಾಂಟ್ ಬೇಕು.

ಅಂಥ ಫೈಲ್ ಇದ್ದರೆ ಆ ಫಾಂಟ್‌ಗಳನ್ನೂ ಅದೇ ಫೋಲ್ಡರಿನಲ್ಲಿ ಕಾಪಿ ಮಾಡಿಡಿ. ಆಮೇಲೆ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿ ಇನ್ನೊಂದು ಪ್ರತಿ ಮಾಡಿ. ಮೂಲ ಫೈಲನ್ನು ಅಳಿಸಬೇಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪುತ್ತವೆ. ಕೂತು ತಿದ್ದಬೇಕು. ಬರೆದವರು ಇರುವಾಗಲೇ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿ. ಕೊನೆಗೆ ಒಂದು ಪಿಡಿಎಫ್ ಕೂಡ ಮಾಡಿ.

ತೆಗೆದು ನೋಡಿ

ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ. ನಿಮ್ಮದಲ್ಲದ ಕಂಪ್ಯೂಟರ್, ಇದು ಮುಖ್ಯ. ಬೇರೆ ಬೇರೆ ವರ್ಷಗಳ ಐದು ಫೈಲ್ ಆರಿಸಿ ತೆರೆಯಿರಿ. ಫೋಟೊ ಪೂರ್ತಿ ಕಾಣುತ್ತದೆಯೇ, ಅರ್ಧಕ್ಕೆ ಬೂದು ಬಣ್ಣ ಆಗುತ್ತದೆಯೇ? ವಿಡಿಯೊ ಕೊನೆಯ ನಿಮಿಷದವರೆಗೂ ಓಡುತ್ತದೆಯೇ? ಒಂದು ಫೋಲ್ಡರನ್ನು ಡಿಸ್ಕಿನಿಂದ ಆ ಕಂಪ್ಯೂಟರಿಗೆ ಕಾಪಿ ಮಾಡಿ ನೋಡಿ, ಆಮೇಲೆ ಅಲ್ಲಿಂದ ಅಳಿಸಿ. ಹೀಗೆ ವಾಪಸ್ ಬಂದದ್ದನ್ನು ಕಣ್ಣಾರೆ ನೋಡುವವರೆಗೆ ನಾನು ಯಾವ ಡಿಸ್ಕನ್ನೂ ನಂಬುವುದಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರ್ ಡಿಸ್ಕಿನ ಆರೋಗ್ಯ ಹೇಳುತ್ತದೆ. ‘ಗುಡ್’ ಬದಲು ‘ಕಾಷನ್’ ಅಂತ ಹಳದಿ ಬಣ್ಣ ಬಂದರೆ ಹೊಸ ಡಿಸ್ಕಿಗೆ ಸಾಗಿಸಿ, ಕೆಂಪಾಗುವವರೆಗೆ ಕಾಯಬೇಡಿ.

ಅಷ್ಟರಲ್ಲೇ ಕಂಪ್ಯೂಟರ್ ಡಿಸ್ಕ್ ಟಿಕ್ ಟಿಕ್ ಅಂದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ನಾನು ಆವತ್ತು ಹತ್ತು ಹದಿನೈದು ಸಲ ಆನ್ ಮಾಡಿದ್ದೆ. ಒಳಗೆ ತಿರುಗುವ ತಟ್ಟೆಯನ್ನು ಓದುವ ಮುಳ್ಳು ಒಂದೊಂದು ಸಲವೂ ಅದನ್ನು ಗೀರಿರಬಹುದು. ಫೈಲ್ ಕೈತಪ್ಪಿ ಅಳಿದಿದ್ದರೆ ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ, ವಾಪಸ್ ತೆಗೆಯುವ ಸಾಫ್ಟ್‌ವೇರನ್ನು ಕೂಡ ಅದರಲ್ಲಿ ಹಾಕಬೇಡಿ. ಎಸ್‌ಎಸ್‌ಡಿಯಲ್ಲಿ ಅಳಿದದ್ದು ವಾಪಸ್ ಸಿಗುವುದು ಇನ್ನೂ ಕಷ್ಟ.

ಕಡೆಯ ಕೆಲಸ ಒಂದು ಹಾಳೆ ಬರೆಯುವುದು. ಇದೆಲ್ಲ ನಿಮಗೊಬ್ಬರಿಗೇ ಗೊತ್ತಿದ್ದರೆ ಸಾಲದು. ಡಿಸ್ಕ್ ಎಲ್ಲೆಲ್ಲಿದೆ, ಯಾವ ಬಣ್ಣದ ಟೇಪ್, ಪಾಸ್‌ವರ್ಡ್ ಬರೆದ ಕಾಗದ ಎಲ್ಲಿದೆ, ಮೊದಲು ಯಾವುದನ್ನು ಒತ್ತಬೇಕು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದೆ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ. ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಆಮೇಲೆ ಹೆಂಡತಿಗೆ, ‘ನಾನು ಬಾಯಿ ಬಿಡಲ್ಲ, ನೀನೇ ತೆಗೆ’ ಅಂದು ಕುರ್ಚಿ ಬಿಟ್ಟುಕೊಟ್ಟೆ. ಎರಡು ಕಡೆ ತಡವರಿಸಿದಳು. ಆ ಎರಡು ಸಾಲುಗಳನ್ನು ಅವಳಿಂದಲೇ ತಿದ್ದಿಸಿದೆ. ಮರುದಿನ ಅಪ್ಪನ ಲ್ಯಾಪ್‌ಟಾಪಿನಲ್ಲಿ ಹಸಿರು ಟೇಪಿನ ಡಿಸ್ಕ್ ಹಾಕಿ, ಹಾಳೆ ಓದುತ್ತಾ, ಮಗಳ ಶಾಲೆಯ ಮೊದಲ ದಿನದ ವಿಡಿಯೊವನ್ನು ಆರು ನಿಮಿಷದಲ್ಲಿ ಹುಡುಕಿ ಓಡಿಸಿದಳು.